ಬಿಂಬುಳಿ

ಜೆಪ್ಪುವಿನ ಲಿಗೋರಿ ಮೇಸ್ತ್ರಿ
ಜಾವಾದ ಟ್ಯಾಂಕಿಗೆ ಬಿಂಬುಳಿ ಹಿಂಡಿ
ಮೂರು ರಾತ್ರಿ ಇಟ್ಟ.
"ಕಡಲ ತುಕ್ಕಿಗೆ ಹಿತ್ತಲ ಹುಳಿಯೇ ಮದ್ದು."

ಆರ್‌ಸಿ ಪುಸ್ತಕದಲ್ಲಿ ಜಿರಲೆ ತಿಂದುಳಿದ ಹೆಸರು ನಾಲ್ಕು:
ಹಂಚಿನ ಕಾರ್ಖಾನೆಯ ರೈಟರು,
ಒಬ್ಬ ಪಾದ್ರಿ,
ಬಂದರಿನ ಮೀನು ದಲ್ಲಾಳಿ ಪೊಡಿಯಬ್ಬ.
ನಾಲ್ಕನೆಯದರ ಮೇಲೆ ಶಾಯಿಯ ಗೀಟು.
ಸೀಟು ಬಿಚ್ಚಿದರೆ ಒಣಬಂಗುಡೆಯ ವಾಸನೆ.
ಪಾದ್ರಿಯದಲ್ಲ, ಅಷ್ಟು ಗೊತ್ತು.

ಕಿಕ್ಕಿಗೂ ಗೇರಿಗೂ ಈ ಗಾಡಿಗೆ ಒಂದೇ ಲಿವರು:
ಎತ್ತಿದರೆ ಒದೆಯಲು, ಮಡಚಿದರೆ ಓಡಿಸಲು.
ಒದೆಯುವುದಷ್ಟೇ ಕಲಿತಿದ್ದ ನನಗೆ
ಮಡಚಲು ಐವತ್ತು ದಾಟಬೇಕಾಯಿತು.

ಏಳನೇ ಒದೆತಕ್ಕೆ
ಎರಡೂ ಸೈಲೆನ್ಸರು ನೀಲಿ ಹೊಗೆ ಕೆಮ್ಮಿ ಎದ್ದವು.
ನಾನು ನಗುತ್ತಿದ್ದೆ.
ಲಿಗೋರಿ ಬೀಡಿ ನಂದಿಸಿ ಕಿವಿ ವಾಲಿಸಿದ.
"ಟೈಮಿಂಗು ಕೂದಲೆಳೆ ಮುಂದಿದೆ ಮಾರಾಯ್ರೆ" ಎಂದ,
ಮತ್ತೆ ಸ್ಪಾನರು ಹಿಡಿದ.