ಗುಲಗಂಜಿ ಲೆಕ್ಕ

ರಾತ್ರಿ ಹನ್ನೆರಡರ ಪಾಳಿ. ಅಪ್ಟನ್ನಿನ ಪೈನ್ ಮರಗಳ ಕೆಳಗೆ
ಜಿಂಕೆಗಳು ಕಾರಿನ ದೀಪಕ್ಕೂ ಜಗ್ಗುವುದಿಲ್ಲ.
ಉಣುಗು ಹತ್ತೀತೆಂದು ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿ
ಕಂಟ್ರೋಲ್ ರೂಮಿಗೆ ನಡೆದೆ.
ರೆನಾಟ ಆಗಲೇ ಕೂತಿದ್ದಳು: ಆರಿದ ಕಾಫಿ,
ಅರ್ಧ ಹೆಣೆದ ಹಸಿರು ಟೋಪಿ.
ಅವಳಪ್ಪ ರಿವರ್‌ಹೆಡ್ಡಿನಲ್ಲಿ ಆಲೂಗಡ್ಡೆ ಬೆಳೆದವನು,
ಅವಳದೆಲ್ಲ ಮೂಟೆ ಲೆಕ್ಕ.

ನನ್ನದು ಗುಲಗಂಜಿ.
ಗದಗಿನ ನಮ್ಮಜ್ಜ ಊದುಗೊಳವೆ ಕಚ್ಚಿ
ಮೂಸೆಯ ಚಿನ್ನ ಕಣ್ಣು ಬಿಡುವ ತನಕ ಊದುತ್ತಿದ್ದ.
ಅಕ್ಕನ ಚಿನ್ನವನ್ನೂ ಬಿಡ ಅಕ್ಕಸಾಲಿ ಎಂದು
ಕಟ್ಟೆ ಮೇಲಿನವರು ನಕ್ಕರೆ ತಾನೂ ನಕ್ಕು,
ಅಂಗಡಿ ಗುಡಿಸಿದ ಕಸವನ್ನು ಮಾತ್ರ
ಯಾರಿಗೂ ಕೊಡದೆ ಡಬ್ಬಿಯಲ್ಲಿಡುತ್ತಿದ್ದ.
"ಬೆಂಕಿಗೆ ಹೋದದ್ದು ಕೂದಲೆಳಿಯಷ್ಟರೆ
ಕಡಿಮಿ ಆಗೇ ಬರ್ತದ, ತಂಗಿ."

ಇಲ್ಲಿಯೂ ಚಿನ್ನವೇ.
ಎಪ್ಪತ್ತೊಂಬತ್ತು ಎಲೆಕ್ಟ್ರಾನಿನ ಒಡವೆ ಕಳಚಿಟ್ಟು
ಬತ್ತಲೆ ಓಡುವ ಚಿನ್ನ. ಒಂದು ಎಡಸುತ್ತು, ಒಂದು ಬಲಸುತ್ತು,
ಓಟದ ರಭಸಕ್ಕೆ ರೊಟ್ಟಿಯಂತೆ ಚಪ್ಪಟೆಯಾಗಿ
ಎದುರುಬದುರು ಬಂದು

"ಬೀಮ್ ಬಂತು," ಅಂದಳು ರೆನಾಟ.

ನಾಲ್ಕು ಲಕ್ಷ ಕೋಟಿ ಡಿಗ್ರಿ. ಹಾಗೆ ಅನ್ನುವಷ್ಟರಲ್ಲಿ
ಎಷ್ಟೋ ಸಲ ಹೊತ್ತಿ ಎಷ್ಟೋ ಸಲ ಆರಿರುತ್ತದೆ.
ಗೋಡೆ ಕರಗಿದ ಓಣಿ ಅದು;
ಮನೆ ನಂಬರು ಮರೆತ ಕ್ವಾರ್ಕುಗಳು
ನೀರಿಗಿಂತ ನುಣ್ಣಗೆ ಹರಿಯುತ್ತವೆ.
ಗ್ಲುವಾನಿಗೆ ಗ್ಲುವಾನು ತಾಗಿ
ಚಿನ್ನದಲ್ಲಿ ಇರದಿದ್ದದ್ದೊಂದು ಹುಟ್ಟುತ್ತದೆ: ಸ್ಟ್ರೇಂಜ್.
ಬೆನ್ನಿಗೇ ಅದರ ಪ್ರತಿಕ್ವಾರ್ಕು.
ಅವಳಿ. ಒಂದರ ಮುಖ ಒಂದು ನೋಡುವ ಮೊದಲೇ
ನೂಕುನುಗ್ಗಲಲ್ಲಿ ಕೈತಪ್ಪಿ,
ತಣಿಯುವ ಹೊತ್ತಿಗೆ ಪಕ್ಕದಲ್ಲಿ ಯಾರಿದ್ದರೋ ಅವರನ್ನೇ ಅಪ್ಪಿ
ಒಂದು ಕೇಯಾನ್ ಆಯಿತು, ಇನ್ನೊಂದು ಲ್ಯಾಂಬ್ಡ.
ಲ್ಯಾಂಬ್ಡ ಕಾಣಿಸದೆ ಅಂಗೈಯಷ್ಟು ದೂರ ನಡೆದು
ತಟ್ಟನೆ ಎರಡಾಗಿ ಸೀಳುತ್ತದೆ,
ತೆರೆಯ ಮೇಲೆ ಎಲ್ಲಿಂದಲೋ ಉದುರಿದ
ಕವಲುಕಡ್ಡಿಯ ಗುರುತು.

ಮೂರೂವರೆಗೆ ರೆನಾಟ ಕೇಳಿದಳು:
"ಇಷ್ಟು ಬೆಳೆ ಬಂತು ಅನ್ನುತ್ತೀರಿ,
ಬಿತ್ತಿದ್ದೇನು?"
ಓಟ, ಅಂದೆ. ಬರೀ ಓಟ.
ಅವಳು ಒಂದು ಹೆಣಿಕೆ ಬಿಚ್ಚಿ ಮತ್ತೆ ಹಾಕಿದಳು.

ಅಜ್ಜಾ, ನಿನ್ನ ಮಾತು ಇಲ್ಲಿ ನಡೆಯಲಿಲ್ಲ.
ಎರಡು ಹಾಕಿದೆವು, ಸಾವಿರಾರು ಬಂದವು;
ಅದರಲ್ಲಿ ಚಿನ್ನ ಮಾತ್ರ ಒಂದೂ ಇಲ್ಲ.
ವರ್ಷವಿಡೀ ಡಿಕ್ಕಿ ಹೊಡೆಸಿದ ಬಂಗಾರ
ನಿನ್ನ ತಕ್ಕಡಿಯಲ್ಲಿ
ಗುಲಗಂಜಿಯ ಕಪ್ಪು ಕಣ್ಣಿಗೂ ಸಮವಾಗಲಿಕ್ಕಿಲ್ಲ.

ಆದರೆ ಕಸ ನಾವೂ ಎಸೆಯುವುದಿಲ್ಲ.
ಗುಡಿಸಿದ್ದನ್ನೆಲ್ಲ ಟೇಪಿಗೆ ತುಂಬಿ, ತಾರೀಕು ಬರೆದು,
ತಣ್ಣನೆಯ ಕೋಣೆಯಲ್ಲಿ ಸಾಲಾಗಿ ಇಟ್ಟಿದ್ದೇವೆ.
ಯಾವುದರ ಅವಳಿ ಯಾವುದೆಂದು
ಯಾವ ಡಬ್ಬಿಯ ಮೇಲೂ ಬರೆದಿಲ್ಲ.