ಗುಣ್ಯಾಕ್ಕ ಕೂಡದವು

ತಾಳಿಕೋಟಿ ಫರಸಿ ಯಾರ್ಡಿನ್ಯಾಗ
ನನ್ನ ಕೆಲಸ ಆರಸೂದು.
ಹನ್ನೆರಡು ವರ್ಷಾತು.
ಜ್ವಾಳದಾಗ ಹಳ್ಳು ಆರಿಸಿದಂಗ ಅಲ್ಲ ಇದು,
ಇಲ್ಲಿ ಜ್ವಾಳೂ ಕಲ್ಲ, ಹಳ್ಳೂ ಕಲ್ಲ.

ಮುಂಜಾನೆ ಏಳಕ್ಕ ಖಣಿಯಿಂದ ಟ್ರ್ಯಾಕ್ಟರ್ ಬರತೈತಿ.
ಬೂದಿಬಣ್ಣದ ಹಾಸು ಒಂದೊಂದ ಇಳಿಸಿ
ಮೂಲಿಗೆ ಗುಣ್ಯಾ ಹಚ್ಚತೀನಿ,
ಕಬ್ಬಣದ ಎರಡು ತೋಳು, ನಟ್ಟಗ.
ಸಂದ್ಯಾಗ ಬೆಳಕ ಕಾಣಲಿಲ್ಲಂದ್ರ ಮೂಲಿ ಖರೆ.
ಕೂದಲಷ್ಟು ನುಸುಳಿತೋ, ಸುಳ್ಳು.

ನಾಕೂ ಮೂಲಿ ಖರೆ, ಉದ್ದ ಬ್ಯಾರೆ ಅಗಲ ಬ್ಯಾರೆ ಇದ್ದದ್ದು
ಎಡಕಿನ ಥಪ್ಪಿಗೆ. ಮಂದಿ ಪಡಸಾಲಿಗೆ ಒಯ್ತಾರ.
ನಾಕೂ ಬದಿ ಒಂದ ಅಳತಿ ಬಂತಂದ್ರ
ಬಾಗಲ ಹತ್ರ ಇಡತೀನಿ, ಫೂಟಿಗೆ ಎರಡು ರೂಪಾಯಿ ಜಾಸ್ತಿ.
ಬದಿ ಸಮ ಇದ್ದು ಮೂಲಿ ಸೊಟ್ಟಾದವು,
ಯಾರೋ ಭುಜ ಹಿಡದು ಒಂದ ಕಡೆ ನೂಕಿದಂಗ ನಿಂತವು,
ಅವಕ್ಕ ಗಿರಾಕಿ ಅಪರೂಪ.
ಅವುಗಳ ಮ್ಯಾಲೆ ಓತಿಕ್ಯಾತ ಬಿಸಲ ಕಾಸತೈತಿ.

ಉಳದದ್ದೆಲ್ಲಾ ಕಂಪೌಂಡಿನ ಹಿಂದ.
ಅದಕ್ಕ ಥಪ್ಪಿ ಇಲ್ಲ, ಬರೇ ಗುಂಪಿ.
ಟ್ರಿಪ್ಪಿಗೆ ಮುನ್ನೂರು, ಡೋಣಿ ಕಡೆ ತೆಗ್ಗು ತುಂಬಾಕ.

ಸಾಲಿ ಬಿಟ್ಟ ಮ್ಯಾಲೆ ಬೋರಮ್ಮ ಇಲ್ಲೇ ಬರತಾಳ.
ಎಂಟನೇ ಇಯತ್ತೆ.
ಆವತ್ತು ಪಾಟಿಚೀಲ ನೀರಿನ ಡ್ರಮ್ಮಿನ ಮ್ಯಾಲಿಟ್ಟು
ನನ್ನ ಥಪ್ಪಿ ನೋಡಿದಳು, ಮಾಸ್ತರ ವಹಿ ನೋಡಿದಂಗ.

"ಯವ್ವಾ, ತಪ್ಪೈತಿ."
"ಯಾವುದ?"
"ಚೌಕ. ಅದು ಆಯತದಾಗೂ ಬರತೈತಿ,
ವಜ್ರಾಕೃತ್ಯಾಗೂ ಬರತೈತಿ. ಬ್ಯಾರೆ ಯಾಕ ಇಟ್ಟೀ?"
"ಒಂದು ಕಲ್ಲು ಮೂರು ಥಪ್ಪ್ಯಾಗ ಹೆಂಗ ಇಡಲೆ?
ನೀ ಒಬ್ಬಾಕಿ ಮೂರು ಮನ್ಯಾಗ ಉಣ್ಣತಿ?"
"ಉಣ್ಣತೀನಿ," ಅಂದಳು.
"ನಮ್ಮ ಮನ್ಯಾಗ, ಆಯೀ ಮನ್ಯಾಗ, ಮಾಲನಬಿ ಚಾಚಿ ಮನ್ಯಾಗ."
ನಾ ಮತ್ತೊಂದು ಕಲ್ಲಿಗೆ ಗುಣ್ಯಾ ಹಚ್ಚಿದೆ.

ಅಷ್ಟಕ್ಕ ಬಿಡಲಿಲ್ಲ. ಹಿಂದಿನ ಗುಂಪಿಗೆ ಹೋದಳು.
"ಇವಕ್ಕೇನಂತಿ?"
"ಏನಂತಾರ? ಗುಣ್ಯಾಕ್ಕ ಕೂಡದವು."
ಅದರಾಗಿಂದ ಒಂದು ಎಳಕೊಂಡು ಬಂದಳು,
ನಾಕು ಬದಿ, ನಾಕೂ ನಾಕು ಅಳತಿ,
ಒಂದು ಮೂಲಿ ದಬ್ಬಣದಂಗ ಚೂಪ,
ಇನ್ನೊಂದು ಆಕಳಿಸಿದ ಬಾಯಿ.
ಸೀಮೆಸುಣ್ಣದಲೆ ಮೂಲಿಗೊಂದು ಚುಕ್ಕಿ ಇಟ್ಟು,
"ಮುರಿ," ಅಂದಳು.

ಮುರದೆ. ಎಂದೂ ಮುರದಾಕಿ ಅಲ್ಲ, ಬರೇ ಆರಿಸಿದಾಕಿ.
ನಾಕು ಮೂಲಿ ನಾಕು ತುಂಡು.
ಕುಕ್ಕರಗಾಲಿಲೆ ಕುಂತು
ಚುಕ್ಕಿಗೆ ಚುಕ್ಕಿ ತಂದು ಕೂಡಿಸಿದಳು,
ದಬ್ಬಣದ ಮೂಲಿ, ಆಕಳಿಕಿ ಮೂಲಿ,
ಆಮ್ಯಾಲೆ ಉಳದೆರಡು.
ಕಡೀ ತುಂಡಿನ ಬದಿ ಹೋಗಿ
ಮದಲಿನ ತುಂಡಿನ ಬದಿಗೆ ಹತ್ತಿತು.
ಉಗುರ ಹಾಕಿ ನೋಡಿದೆ.
ಬಗ್ಗಿ ನೋಡಿದೆ, ಬೆಳಕ.
ಇಲ್ಲ.

"ನಾಕು ಬದಿದು ಯಾವದ ತಗೋ, ಹಿಂಗ ಆಗತೈತಿ.
ಕೂಡಿಸಿದ್ರ ಪೂರಾ ಒಂದು ಸುತ್ತು.
ಮುನ್ನೂರ ಅರವತ್ತು."

ಮುನ್ನೂರು ನನಗ ಗೊತ್ತಿತ್ತು, ಟ್ರಿಪ್ಪಿಂದು.
ಅರವತ್ತು ಇಷ್ಟ ದಿನ ಎಲ್ಲಿ ಬಿದ್ದಿತ್ತೋ.

ಇನ್ನೊಂದು ಮುರದೆ. ಮತ್ತೊಂದು.
ಗೌಸಪೀರ ಸಾಹುಕಾರ ಕುರ್ಚಿ ಬಿಟ್ಟು ಏಳದ ಕೂಗಿದ,
"ಸಾಬವ್ವಾ, ಮುರಿಯೂ ಪಗಾರ ಯಾರ ಕೊಡತಾರ?"

ಮರದಿನ ಏಳಕ್ಕ ಮತ್ತ ಟ್ರ್ಯಾಕ್ಟರ್, ಮತ್ತ ಗುಣ್ಯಾ.
ಬೆಳಕ ನುಸುಳಿದ್ದು ಮತ್ತ ಹಿಂದಕ್ಕ.
ದರ ಹಚ್ಚಾಂವ ಸಾಹುಕಾರ, ಬೋರಮ್ಮ ಅಲ್ಲ.
ಆದ್ರ ಒಗಿಯೂ ಮುಂಚೆ ಈಗ ಬದಿ ಎಣಸತೀನಿ,
ಸುಮ್ನ, ಹೆಬ್ಬಟ್ಟ ಆಡಿಸಿ.

ಇವತ್ತೊಂದು ಐದಾತು.
ಐದಕ್ಕ ಎಷ್ಟು ಸುತ್ತು ಅಂತ ಕೇಳಬೇಕು.
ಸಾಲಿ ಬಿಡೂತನಕ ಇರಲಿ ಅಂತ
ಡ್ರಮ್ಮಿಗೆ ಆನಿಸಿ ಇಟ್ಟೀನಿ.