ಮೂರೂಕಾಲು

ಆರು ತಿಂಗಳಿಗೇ ಇಳಿಸಬಹುದಿತ್ತು, ಅಂದಳು ಪಕ್ಕದ ಮನೆಯ ಡೋರೀನ್.
ಕಿವಿ ಸೋರುವುದು ನಿಲ್ಲಲಿ, ಅಂದರು ಡಾಕ್ಟರು.
ಚಳಿ ಕಳೆಯಲಿ, ಅಂದೆ ನಾನು.
ಜಿಲಾಂಗಿನಲ್ಲಿ ಚಳಿ ಕಳೆದು
ಎರಡು ಬೇಸಿಗೆಯೂ ಕಳೆಯಿತು.

ನನಗೆ ನೀರೆಂದರೆ ಕೊಡ, ತಂಬಿಗೆ,
ಬಾವಿಕಟ್ಟೆಯಿಂದ ಜಡೆ ಹಿಡಿದು
ಹಿಂದಕ್ಕೆ ಜಗ್ಗಿದ ಅಜ್ಜಿಯ ಕೈ.

ಮೊನ್ನೆ ಈಸ್ಟರ್ನ್ ಬೀಚಿನಲ್ಲಿ ಅಲಕಾ
ಒಂದೊಂದೇ ಮೆಟ್ಟಿಲಿಳಿದಳು.
ಮೊಣಕಾಲು ಮುಳುಗಿತು. ಮುಂದೆ ಹೋಗಲಾಗದೆ
ತಿರುಗಿ ನೋಡಿದಳು:
ನನ್ನ ಮುಷ್ಟಿಯಲ್ಲಿ ಅವಳ ಫ್ರಾಕಿನ ಅಂಚು.

ಇವತ್ತು ಈಜುಕೊಳದ ಕೌಂಟರಿನ ಹುಡುಗ
ಹೆಸರು ಕೇಳಿದ, ವಯಸ್ಸು ಕೇಳಿದ.
ಅಲಕಾ. ಮೂರೂಕಾಲು.

ತಾಳಪ್ಪ, ಪೆನ್ನು ಕೆಳಗಿಡಬೇಡ.
ಇನ್ನೊಂದು ಬರೆದುಕೋ:
ವಾರಿಜಾ (ಹೆಸರಿನಲ್ಲಷ್ಟೇ ನೀರು),
ಮೂವತ್ತೇಳು.
ಆಳವಿಲ್ಲದ ಕಡೆಗೇ ಹಾಕು.